ಗಡಿ ದಾಟುವ ಕಿಡ್ನಿ, ಮುಯ್ಯಿ ಬರೆದಿಡುವ ದೇಶಗಳು

ಮದುವೆ ಮನೆಯಲ್ಲಿ ಊಟದ ಹಾಲಿಗೆ ಹೋಗೋ ದಾರಿಯಲ್ಲಿ ಒಂದು ಮೇಜು ಹಾಕಿರುತ್ತಾರೆ. ಮನೆಯ ಹಿರಿಯರೊಬ್ಬರು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು ಅಲ್ಲಿ ಕೂತಿರುತ್ತಾರೆ. ನೀವು ಕವರು ಕೊಟ್ಟ ಕೂಡಲೇ ಬಿಡಿಸಿ, ಎಣಿಸಿ, ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ಅದು ಮುಯ್ಯಿ. ಸಾಲ ಅಲ್ಲ, ಬಡ್ಡಿ ಇಲ್ಲ, ವಾಪಸ್ ಕೊಡಿ ಅಂತ ಯಾರೂ ಬಾಯಿಬಿಟ್ಟು ಕೇಳುವುದೂ ಇಲ್ಲ. ಆದರೆ ನಾಳೆ ನಿಮ್ಮ ಮನೆಯಲ್ಲಿ ಮದುವೆಯಾದರೆ ಅವರು ಆ ಪುಸ್ತಕ ತೆಗೆದು ನೋಡಿಯೇ ಹೊರಡುತ್ತಾರೆ.

ಯುರೋಪಿನ ಎಂಟು ದೇಶಗಳು ಹೆಚ್ಚುಕಡಿಮೆ ಇಂಥದ್ದೇ ಪುಸ್ತಕ ಇಟ್ಟುಕೊಂಡಿವೆ. ಅದರಲ್ಲಿ ಬರೆಯುವುದು ದುಡ್ಡನ್ನಲ್ಲ. ಕಿಡ್ನಿ, ಲಿವರ್, ಹೃದಯ, ಶ್ವಾಸಕೋಶ. ಈ ಕೂಟದ ಹೆಸರು ಯೂರೋಟ್ರಾನ್ಸ್‌ಪ್ಲಾಂಟ್. ಆಸ್ಟ್ರಿಯಾ, ಬೆಲ್ಜಿಯಂ, ಕ್ರೊಯೇಷಿಯಾ, ಜರ್ಮನಿ, ಹಂಗೇರಿ, ಲಕ್ಸಂಬರ್ಗ್, ನೆದರ್ಲೆಂಡ್ಸ್, ಸ್ಲೊವೇನಿಯಾ ಇದರ ಸದಸ್ಯರು. ಎಲ್ಲ ಸೇರಿ ಸುಮಾರು 13.7 ಕೋಟಿ ಜನ, ಅಂದರೆ ಎರಡು ಕರ್ನಾಟಕದಷ್ಟು. ಕಚೇರಿ ಇರುವುದು ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ.

ಒಂದು ದೇಶದಲ್ಲಿ ಸತ್ತವರ ಕಿಡ್ನಿಯನ್ನು ಇನ್ನೊಂದು ದೇಶದವರಿಗೆ ಯಾಕೆ ಕೊಡಬೇಕು? ನಮ್ಮ ದೇಶದಲ್ಲೇ ಸರತಿಯಲ್ಲಿ ಕಾಯುತ್ತಿರುವವರು ಇಲ್ವಾ? ಯಾರಿಗಾದರೂ ಮೊದಲು ಬರುವ ಪ್ರಶ್ನೆ ಇದೇ. ಉದಾರತೆ ಅಂದುಕೊಂಡರೆ ಉತ್ತರ ಸಿಗುವುದಿಲ್ಲ. ಇದು ಶುದ್ಧ ಲೆಕ್ಕ. ಆ ಲೆಕ್ಕ ಶುರುವಾಗಿದ್ದು ಒಬ್ಬ ಬಾಣಂತಿಯಿಂದ.

1958ರ ಸುಮಾರಿಗೆ ಲೈಡನ್ನಿನಲ್ಲಿ ಒಬ್ಬ ಹೆಂಗಸಿಗೆ ಅವಳಿ ಮಕ್ಕಳಾದವು. ಹೆರಿಗೆಯ ನಂತರ ರಕ್ತಸ್ರಾವವಾಗಿ ರಕ್ತ ಕೊಟ್ಟರು. ಗುಂಪು ಸರಿಯಾಗಿಯೇ ಇತ್ತು, ಆದರೂ ಮೈಗೆ ಒಗ್ಗಲಿಲ್ಲ, ಜೋರಾಗಿ ರಿಯಾಕ್ಷನ್ ಆಯಿತು. ಯೋನ್ ವಾನ್ ರೂಡ್ ಎಂಬ ಯುವ ವೈದ್ಯರು ಬೆನ್ನು ಹತ್ತಿ ನೋಡಿದರು. ಆಕೆಯ ರಕ್ತದಲ್ಲಿ ಬೇರೆಯವರ ಬಿಳಿ ರಕ್ತಕಣಗಳ ಮೇಲೆ ತಿರುಗಿ ಬೀಳುವ ಪ್ರತಿಕಾಯಗಳಿದ್ದವು. ಅವು ಎಲ್ಲಿಂದ ಬಂದವು? ಬಸಿರಿನಿಂದ. ಹೊಟ್ಟೆಯಲ್ಲಿದ್ದ ಮಕ್ಕಳ ಜೀವಕೋಶಗಳ ಮೇಲೆ ಅರ್ಧ ಗುರುತು ಅಪ್ಪನದು. ತಾಯಿಯ ಮೈ ಆ ಗುರುತನ್ನು ಹೊರಗಿನದು ಅಂತ ಕಂಡು, ನೆನಪಿಟ್ಟುಕೊಂಡಿತ್ತು.

ಈ ಗುರುತುಗಳಿಗೆ ಎಚ್‌ಎಲ್‌ಎ ಅಂತ ಹೆಸರು. ರಕ್ತದ ಗುಂಪು ನಾಲ್ಕೇ ನಾಲ್ಕು. ಇವು ಹಾಗಲ್ಲ, ನೂರಾರು ಬಗೆ ಇವೆ. ಕಿಡ್ನಿ ಕಸಿಯಲ್ಲಿ ಮುಖ್ಯವಾಗಿ ಆರನ್ನು ನೋಡುತ್ತಾರೆ, ಅಪ್ಪನಿಂದ ಬಂದ ಮೂರು, ಅಮ್ಮನಿಂದ ಬಂದ ಮೂರು. ಒಡಹುಟ್ಟಿದವರಲ್ಲಿ ಆರಕ್ಕೆ ಆರೂ ಕೂಡಿಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನವರ ಜೊತೆ ಕೂಡಿಬರುವುದು ಅದೃಷ್ಟ. ಜಾತಕ ಕೂಡಿಸುವವರ ಮಾತಿನಲ್ಲಿ ಹೇಳೋದಾದರೆ, ಊರಲ್ಲಿ ಇರೋದು ಹತ್ತು ಮನೆ, ನಿಮಗೆ ಮೂವತ್ತಾರು ಗುಣವೂ ಕೂಡಬೇಕು ಅಂದರೆ ಊರು ಬಿಟ್ಟು ಹೊರಡಲೇಬೇಕು.

ವಾನ್ ರೂಡ್ 1967ರಲ್ಲಿ ಹೇಳಿದ್ದೂ ಇದನ್ನೇ. ಒಂದು ಆಸ್ಪತ್ರೆಯ ಪಟ್ಟಿಯಲ್ಲಿ ಹತ್ತಿಪ್ಪತ್ತು ರೋಗಿಗಳಿರುತ್ತಾರೆ. ಅಲ್ಲಿ ಒಂದು ಕಿಡ್ನಿ ಸಿಕ್ಕಿದಾಗ ಅದಕ್ಕೆ ಚೆನ್ನಾಗಿ ಹೊಂದುವವರು ಅದೇ ಪಟ್ಟಿಯಲ್ಲಿ ಇರುವುದು ಅಪರೂಪ. ಹಲವು ದೇಶಗಳ ಪಟ್ಟಿಗಳನ್ನು ಒಂದೇ ಕಡೆ ಹಾಕಿದರೆ ಯಾರೋ ಒಬ್ಬರು ಸಿಕ್ಕೇ ಸಿಗುತ್ತಾರೆ. ಆ ವರ್ಷ ಯೂರೋಟ್ರಾನ್ಸ್‌ಪ್ಲಾಂಟ್ ಹುಟ್ಟಿತು. ಎರಡು ವರ್ಷದ ನಂತರ ಉತ್ತರ ಯುರೋಪಿನ ದೇಶಗಳು ಸ್ಕ್ಯಾಂಡಿಯಾಟ್ರಾನ್ಸ್‌ಪ್ಲಾಂಟ್ ಕಟ್ಟಿಕೊಂಡವು.

ಆಮೇಲೆ, 1980ರ ದಶಕದಲ್ಲಿ, ಸೈಕ್ಲೋಸ್ಪೋರಿನ್ ಎಂಬ ಔಷಧ ಬಂತು. ಮೈಯ ಪ್ರತಿರೋಧವನ್ನು ಹದ್ದುಬಸ್ತಿನಲ್ಲಿ ಇಡುವ ಔಷಧ. ಅದು ಬಂದ ಮೇಲೆ ಆರಕ್ಕೆ ಆರು ಕೂಡದಿದ್ದರೂ ಕಸಿ ಗೆಲ್ಲತೊಡಗಿತು. ಹಾಗಾದರೆ ಇಷ್ಟು ದೂರ ಹುಡುಕುವುದು ಇನ್ನೂ ಯಾಕೆ?

ಕಷ್ಟದ ರೋಗಿಗಳಿಗಾಗಿ. ಹಲವು ಸಲ ಬಸಿರಾದವರು, ಜಾಸ್ತಿ ರಕ್ತ ಹಾಕಿಸಿಕೊಂಡವರು, ಮೊದಲು ಕಸಿ ಮಾಡಿದ ಕಿಡ್ನಿ ಕೈಕೊಟ್ಟವರು. ಇವರ ಮೈಯಲ್ಲಿ ಪ್ರತಿಕಾಯಗಳ ಸೈನ್ಯವೇ ಇರುತ್ತದೆ. ನೂರು ದಾನಿಗಳಲ್ಲಿ ತೊಂಬತ್ತೊಂಬತ್ತು ಜನರ ಕಿಡ್ನಿ ಒಲ್ಲೆ ಎನ್ನುವ ಒಬ್ಬರನ್ನು ಊಹಿಸಿಕೊಳ್ಳಿ. ಆಕೆ ಸ್ಲೊವೇನಿಯಾದಲ್ಲಿ ಇದ್ದಾಳೆ. ಆ ದೇಶದ ಜನಸಂಖ್ಯೆ 20 ಲಕ್ಷದ ಆಸುಪಾಸು. ಅಲ್ಲಿ ವರ್ಷಕ್ಕೆ 40 ದಾನಿಗಳು ಸಿಕ್ಕರು ಅಂದುಕೊಳ್ಳೋಣ. ನೂರು ದಾನಿಗಳಾಗಲು ಎರಡೂವರೆ ವರ್ಷ ಬೇಕು. ಆಗ ಒಬ್ಬರು ಹೊಂದಬಹುದು. ಅದೂ ರಕ್ತದ ಗುಂಪು ಸರಿಯಿದ್ದರೆ, ಅಂದು ಆಕೆಗೆ ಜ್ವರಗಿರ ಇಲ್ಲದಿದ್ದರೆ. ಎಂಟು ದೇಶ ಸೇರಿದರೆ ವರ್ಷಕ್ಕೆ ಸುಮಾರು 2000 ದಾನಿಗಳು. ಅವರಲ್ಲಿ ಆಕೆಗೆ ಹೊಂದುವವರು ಇಪ್ಪತ್ತು ಜನ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿಯಲ್ಲಿ ಕೂರುವವರಿಗೆ ಈ ವ್ಯತ್ಯಾಸ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಂಥವರಿಗಾಗಿಯೇ ಲೈಡನ್ನಿನಲ್ಲಿ ಬೇರೆ ಪಟ್ಟಿ ಇದೆ. ಇವರಿಗೆ ಹೊಂದುವ ಕಿಡ್ನಿ ಯಾವ ದೇಶದಲ್ಲಿ ಸಿಕ್ಕಿದರೂ ಮೊದಲ ಹಕ್ಕು ಇವರದೇ.

ಈ ಹಂಚಿಕೆ ಒಂದು ರಾತ್ರಿಯಲ್ಲಿ ಹೇಗೆ ನಡೆಯುತ್ತದೆ ನೋಡೋಣ. ದಾನಿ ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ, ಕಾಯುತ್ತಿರುವವರು ಬೆಲ್ಜಿಯಂನ ಆಂಟ್ವೆರ್ಪ್‌ನಲ್ಲಿ ಅಂತ ಇಟ್ಟುಕೊಳ್ಳಿ. ಐಸಿಯುನಲ್ಲಿ ಒಬ್ಬರ ಮೆದುಳು ನಿಷ್ಕ್ರಿಯವಾಗಿದೆ ಎಂದು ಕಸಿಗೆ ಸಂಬಂಧವೇ ಇಲ್ಲದ ವೈದ್ಯರು ತೀರ್ಮಾನಿಸುತ್ತಾರೆ. ಕೋಆರ್ಡಿನೇಟರ್, ಅಂದರೆ ಆಸ್ಪತ್ರೆಯಲ್ಲಿ ಅಂಗದಾನದ ಏರ್ಪಾಟು ನೋಡಿಕೊಳ್ಳುವವರು, ಮನೆಯವರ ಜೊತೆ ಕೂತು ಮಾತಾಡುತ್ತಾರೆ. ದಾನಿಯ ರಕ್ತ ಲ್ಯಾಬಿಗೆ ಹೋಗುತ್ತದೆ, ಎಚ್‌ಎಲ್‌ಎ ಗುರುತು ಗೊತ್ತಾಗಲು ಕೆಲವು ಗಂಟೆ ಬೇಕು. ಮಾಹಿತಿಯೆಲ್ಲ ಲೈಡನ್ನಿಗೆ. ಅಲ್ಲಿ ಹಗಲೂ ರಾತ್ರಿ ಡ್ಯೂಟಿಯಲ್ಲಿ ಜನ ಇರುತ್ತಾರೆ. ಕಂಪ್ಯೂಟರ್ ಒಂದು ಪಟ್ಟಿ ಕೊಡುತ್ತದೆ. ಮೊದಲ ಹೆಸರಿನವರ ಆಸ್ಪತ್ರೆಗೆ ಫೋನ್. ಅಲ್ಲಿನ ವೈದ್ಯರು ಒಪ್ಪಬಹುದು, ಬೇಡ ಅನ್ನಬಹುದು, ಆದರೆ ಗಡುವಿನೊಳಗೆ ಹೇಳಬೇಕು. ಬೇಡ ಅಂದರೆ ಮುಂದಿನ ಹೆಸರು.

ಕಿಡ್ನಿಯನ್ನು ತಣ್ಣನೆಯ ದ್ರಾವಣದಿಂದ ತೊಳೆದು, ಒಂದರೊಳಗೊಂದು ಚೀಲದಲ್ಲಿ ಕಟ್ಟಿ, ಐಸ್ ತುಂಬಿದ ಡಬ್ಬಿಯಲ್ಲಿ ಇಡುತ್ತಾರೆ. ಜೊತೆಗೆ ಒಂದು ಪುಟ್ಟ ಶೀಶೆ. ಅದರಲ್ಲಿ ದಾನಿಯ ಗುಲ್ಮದ (ಸ್ಪ್ಲೀನ್) ಒಂದು ಚೂರು, ಕೆಲವು ದುಗ್ಧಗ್ರಂಥಿಗಳು. ಇದು ಯಾಕೆ ಅಂತೀರಾ? ಆಂಟ್ವೆರ್ಪ್‌ಗೆ ಹೋದ ಮೇಲೆ ಇದರಿಂದ ತೆಗೆದ ಕಣಗಳಿಗೆ ರೋಗಿಯ ರಕ್ತದ ಸೀರಂ ಬೆರೆಸಿ ಕೊನೆಯ ಪರೀಕ್ಷೆ ಮಾಡುತ್ತಾರೆ. ಕಣಗಳು ಸತ್ತರೆ ಆಪರೇಷನ್ ಇಲ್ಲ. ಸಾವಿರ ಕಿಲೋಮೀಟರ್ ದಾಟಿ ಬಂದ ಕಿಡ್ನಿ ಬೇರೆಯವರಿಗೆ. ಉಪವಾಸ ಇದ್ದು, ಆಸ್ಪತ್ರೆಯ ಗೌನ್ ಹಾಕಿಕೊಂಡು ಕಾಯುತ್ತಿದ್ದವರು ವಾಪಸ್ ಮನೆಗೆ. ಈ ಸಣ್ಣ ಶೀಶೆಯ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ. ಆದರೆ ರಾತ್ರಿಯಿಡೀ ನಡೆದ ಓಡಾಟ ಕೊನೆಗೆ ನಿಲ್ಲುವುದೋ ಬೀಳುವುದೋ ಅದರ ಮೇಲೆ.

ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದಕ್ಕೆ ಅಂಕಗಳಿವೆ. 1996ರಿಂದ ನಡೆದುಕೊಂಡು ಬಂದ ಕಿಡ್ನಿ ಹಂಚಿಕೆಯ ಪದ್ಧತಿಯಲ್ಲಿ ಆರೂ ಗುರುತು ಕೂಡಿದರೆ 400 ಅಂಕ. ಕಾದ ಪ್ರತಿ ವರ್ಷಕ್ಕೆ ಸುಮಾರು 33. ಇಲ್ಲಿ ಒಂದು ಜಾಣತನ ಇದೆ. ಕಾಯುವ ದಿನ ಎಣಿಸುವುದು ಪಟ್ಟಿಗೆ ಹೆಸರು ಬರೆಸಿದ ದಿನದಿಂದಲ್ಲ, ಡಯಾಲಿಸಿಸ್ ಶುರುವಾದ ದಿನದಿಂದ. ಬೇಗ ಹೆಸರು ಬರೆಸಿಕೊಳ್ಳಲು ಗೊತ್ತಿದ್ದವರಿಗೆ ಲಾಭ ಆಗಬಾರದು ಅಂತ. ಮಕ್ಕಳಿಗೆ ಹೆಚ್ಚಿನ ಅಂಕ. ದಾನಿ ಹತ್ತಿರದಲ್ಲಿದ್ದರೂ ಅಂಕ, ಯಾಕೆಂದರೆ ಐಸ್‌ನಲ್ಲಿದ್ದಷ್ಟು ಹೊತ್ತೂ ಅಂಗ ಸೊರಗುತ್ತದೆ.

ಇನ್ನೊಂದು ಸಾಲು ಇದೆ: ದೇಶದ ಬಾಕಿ. ಇದೇ ಮುಯ್ಯಿ ಪುಸ್ತಕ. ಹಿಂದಿನ 365 ದಿನಗಳಲ್ಲಿ ನಿಮ್ಮ ದೇಶ ಹೊರಗೆ ಕೊಟ್ಟ ಕಿಡ್ನಿ ಎಷ್ಟು, ಹೊರಗಿನಿಂದ ತಗೊಂಡಿದ್ದು ಎಷ್ಟು ಅಂತ ಪ್ರತಿದಿನ ಕೂಡಿ ಕಳೆಯುತ್ತಾರೆ. ಕೊಟ್ಟಿದ್ದು ಜಾಸ್ತಿ ಇದ್ದರೆ ನಿಮ್ಮ ದೇಶದ ರೋಗಿಗಳಿಗೆ ಅಂಕ ಏರುತ್ತದೆ. ತಗೊಂಡಿದ್ದು ಜಾಸ್ತಿ ಇದ್ದರೆ ಬೇರೆಯವರು ಮುಂದೆ ಹೋಗುತ್ತಾರೆ. ಲಿವರ್‌ನಲ್ಲಿ ಇದು ಇನ್ನೂ ನೇರ. ಲಿವರ್ ಹಠಾತ್ತಾಗಿ ಕೆಟ್ಟು, ಕಸಿ ಆಗದಿದ್ದರೆ ದಿನಗಳಲ್ಲೇ ಸಾಯುವ ಸ್ಥಿತಿಯಲ್ಲಿರುವವರಿಗೆ ಬೇರೆ ದೇಶದ ಲಿವರ್ ಮೊದಲು ಹೋಗುತ್ತದೆ. ಆದರೆ ಪಡೆದವರು ಮುಂದೆ ಅದನ್ನು ತೀರಿಸಬೇಕು. ಒಂದಕ್ಕೆ ಒಂದು.

ಒಟ್ಟಾರೆ ಈ ಕೂಟದಲ್ಲಿ ಸುಮಾರು ಐದರಲ್ಲಿ ಒಂದು ಅಂಗ ಗಡಿ ದಾಟುತ್ತದೆ. ಉಳಿದ ನಾಲ್ಕು ಸ್ವಂತ ದೇಶದಲ್ಲೇ. ಹೊರಗಿನವರಿಗೆ ಎಲ್ಲ ಬಳಿದುಕೊಟ್ಟುಬಿಡುತ್ತಾರೆ ಅನ್ನುವ ಭಯ ಸುಮ್ನೆ. ವಯಸ್ಸಾದವರ ವಿಷಯದಲ್ಲಂತೂ ಉಲ್ಟಾ. 65 ದಾಟಿದ ದಾನಿಯ ಕಿಡ್ನಿ 65 ದಾಟಿದ ರೋಗಿಗೆ, ಅದೂ ಅಲ್ಲೇ ಹತ್ತಿರದಲ್ಲಿ ಅಂತ 1999ರಲ್ಲಿ ಬೇರೆ ವ್ಯವಸ್ಥೆ ಮಾಡಿದರು. ಹಳೆಯ ಕಿಡ್ನಿ ಐಸ್‌ನಲ್ಲಿ ಜಾಸ್ತಿ ಹೊತ್ತು ತಾಳುವುದಿಲ್ಲ. ಗುರುತು ಕೂಡದಿದ್ದರೂ ಪರವಾಗಿಲ್ಲ, ಬೇಗ ಹಾಕೋಣ ಅನ್ನುವ ಲೆಕ್ಕ.

ಮುಯ್ಯಿ ಅಂದ ಮೇಲೆ ಗೊಣಗಾಟ ಇದ್ದದ್ದೇ. ಈ ಕೂಟದ ದೊಡ್ಡ ಮನೆ ಜರ್ಮನಿ. ಹಲವು ವರ್ಷ ಅದು ಕೊಟ್ಟಿದ್ದಕ್ಕಿಂತ ತಗೊಂಡಿದ್ದೇ ಹೆಚ್ಚು. ಆಸ್ಟ್ರಿಯಾ, ಬೆಲ್ಜಿಯಂಗಳಲ್ಲಿ ಬೇಡ ಅಂತ ಮೊದಲೇ ಹೇಳಿರದ ಎಲ್ಲರೂ ದಾನಿಗಳೇ ಅನ್ನುವ ಕಾನೂನು ಇದೆ. ಜರ್ಮನಿಯಲ್ಲಿ ಒಪ್ಪಿಗೆ ಬೇಕೇ ಬೇಕು. ಅದನ್ನು ಬದಲಿಸುವ ಮಸೂದೆ 2020ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನಲ್ಲಿ ಬಿದ್ದುಹೋಯಿತು. ಇದಕ್ಕೂ ದೊಡ್ಡ ಪೆಟ್ಟು 2012ರದು. ಕೆಲವು ವೈದ್ಯರು ತಮ್ಮ ರೋಗಿಗಳನ್ನು ಪಟ್ಟಿಯಲ್ಲಿ ಮೇಲೆ ತರಲು ಕಾಗದದಲ್ಲಿ ಅವರನ್ನು ಇನ್ನೂ ಕಾಯಿಲೆಯವರಾಗಿ ತೋರಿಸಿದ್ದು ಬಯಲಾಯಿತು. ದುಡ್ಡಿನ ಕಟ್ಟು ಕೈ ಬದಲಾದ ಕಥೆಯಲ್ಲ ಅದು, ಅಂಕಿಗಳನ್ನು ತಿದ್ದಿದ ಕಥೆ. ಅಷ್ಟಕ್ಕೇ ಜನ ಹಿಂದೆ ಸರಿದರು. 2011ರಲ್ಲಿ ಆ ದೇಶದಲ್ಲಿ 1200 ದಾನಿಗಳಿದ್ದರು, 2017ರ ಹೊತ್ತಿಗೆ 797. ಬರೆಯುವವರ ಕೈ ಸರಿಯಿಲ್ಲ ಅಂತ ಗೊತ್ತಾದರೆ ಯಾರು ತಾನೇ ಕವರು ಕೊಡುತ್ತಾರೆ?

ಕ್ರೊಯೇಷಿಯಾ ಇದಕ್ಕೆ ತದ್ವಿರುದ್ಧ. 2000ದಲ್ಲಿ ಅಲ್ಲಿ ಹತ್ತು ಲಕ್ಷ ಜನಕ್ಕೆ ಮೂರು ದಾನಿಗಳೂ ಇರಲಿಲ್ಲ. ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಕೋಆರ್ಡಿನೇಟರ್ ನೇಮಿಸಿದರು, 2007ರಲ್ಲಿ ಈ ಕೂಟ ಸೇರಿದರು. 2011ಕ್ಕೆ ಹತ್ತು ಲಕ್ಷಕ್ಕೆ ಸುಮಾರು 35. ಕಾನೂನಿಗಿಂತ ಈ ಕೋಆರ್ಡಿನೇಟರ್ ಅನ್ನುವ ಮನುಷ್ಯರೇ ಮುಖ್ಯ ಅಂತ ನನಗೆ ಅನಿಸುತ್ತದೆ. ಸ್ಪೇನ್ ನೋಡಿ. ಎಲ್ಲರೂ ದಾನಿಗಳೇ ಅನ್ನುವ ಕಾನೂನು ಅಲ್ಲಿ 1979ರಲ್ಲೇ ಬಂದಿತ್ತು, ದಾನ ಏರಲಿಲ್ಲ. 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಕಟ್ಟಿ, ಐಸಿಯು ವೈದ್ಯರನ್ನೇ ಕೋಆರ್ಡಿನೇಟರ್ ಮಾಡಿದ ಮೇಲೆ ಏರಿತು. ಈಗ ಸ್ಪೇನ್ ಜಗತ್ತಿಗೇ ಮೊದಲು. ಕಾನೂನು ಏನೇ ಹೇಳಲಿ, ಮನೆಯವರನ್ನು ಅಲ್ಲಿ ಇವತ್ತಿಗೂ ಕೇಳಿಯೇ ಮುಂದುವರಿಯುತ್ತಾರೆ. ನಮ್ಮಲ್ಲಿ ಸತ್ತವರಿಂದ ಸಿಗುವ ದಾನ ಹತ್ತು ಲಕ್ಷಕ್ಕೆ ಒಂದೂ ಇಲ್ಲ ಅನ್ನುವುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಚಿಕ್ಕ ದೇಶಗಳಿಗೆ ಕೂಟ ಅನಿವಾರ್ಯ. ಐಸ್‌ಲೆಂಡ್‌ನಲ್ಲಿ ಜನ ನಾಲ್ಕು ಲಕ್ಷದ ಆಸುಪಾಸು. ಅಷ್ಟು ಜನಕ್ಕೆ ಹೃದಯ ಕಸಿಯ ತಂಡ ಇಟ್ಟುಕೊಂಡರೆ ವರ್ಷಕ್ಕೆ ಎರಡೋ ಮೂರೋ ಆಪರೇಷನ್. ಕೈಗೆ ಪಳಗುವುದು ಹೇಗೆ? ಅದಕ್ಕೇ ಅಲ್ಲಿನವರ ಹೃದಯ, ಲಿವರ್ ಕಸಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆಯುತ್ತದೆ. ಅಲ್ಲಿನ ದಾನಿಗಳ ಅಂಗಗಳು ಸ್ಕ್ಯಾಂಡಿಯಾಟ್ರಾನ್ಸ್‌ಪ್ಲಾಂಟ್ ಮೂಲಕ ಹೊರಗೆ ಹೋಗುತ್ತವೆ.

ಆದರೆ ಎಲ್ಲ ಅಂಗವೂ ದೂರ ಹೋಗಲಾರದು. ಕಿಡ್ನಿ ಒಂದು ದಿನ ತಾಳುತ್ತದೆ. ಲಿವರ್ ಹತ್ತು ಹನ್ನೆರಡು ಗಂಟೆ. ಹೃದಯಕ್ಕೆ ನಾಲ್ಕೇ ಗಂಟೆ, ತುಂಬ ಎಳೆದರೆ ಆರು. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಹೃದಯ ಹೋಗಿದ್ದು ನಿಮಗೆ ನೆನಪಿರಬಹುದು. ಕೆಂಗೇರಿ ಕಡೆಯಿಂದ ವಿಮಾನ ನಿಲ್ದಾಣದವರೆಗೆ ಪೊಲೀಸರು ರಸ್ತೆ ಖಾಲಿ ಮಾಡಿಸಿದ್ದರು. ಜೀರೋ ಟ್ರಾಫಿಕ್ ಅನ್ನುವ ಮಾತು ನಮ್ಮ ಬಾಯಲ್ಲಿ ಕೂತಿದ್ದು ಆಮೇಲೆಯೇ. ನಮ್ಮ ದೇಶದೊಳಗೆ ರಾಜ್ಯದಿಂದ ರಾಜ್ಯಕ್ಕೆ ನಡೆಯುವುದೂ ಇದೇ ಕೆಲಸ. ಗಡಿ ಬೇರೆ, ಗಡಿಯಾರ ಒಂದೇ. ಕರ್ನಾಟಕದಲ್ಲಿ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸಂಸ್ಥೆ, ದೇಶದ ಮಟ್ಟದಲ್ಲಿ ನೊಟ್ಟೊ ಎಂಬ ಸರ್ಕಾರಿ ಸಂಸ್ಥೆ.

ಬದುಕಿರುವವರ ನಡುವೆಯೂ ಗಡಿ ದಾಟಿದ ಕೊಡುಕೊಳ್ಳುವಿಕೆ ಇದೆ. ಹೆಂಡತಿಗೆ ಕಿಡ್ನಿ ಕೊಡಲು ಗಂಡ ಸಿದ್ಧ, ಆದರೆ ಹೊಂದುವುದಿಲ್ಲ. ಇನ್ನೊಂದು ಊರಲ್ಲಿ ಇನ್ನೊಂದು ಜೋಡಿಗೂ ಇದೇ ಕಥೆ. ಇವರ ಕಿಡ್ನಿ ಅವರಿಗೆ, ಅವರದು ಇವರಿಗೆ ಹೊಂದುತ್ತದೆ ಅಂತಾದರೆ ಅದಲು ಬದಲು. 2016ರಲ್ಲಿ ವಿಯೆನ್ನಾ ಮತ್ತು ಪ್ರಾಗ್ ನಡುವೆ ಹೀಗೆ ನಡೆಯಿತು, 2018ರಲ್ಲಿ ಇಟಲಿ ಮತ್ತು ಸ್ಪೇನ್ ನಡುವೆ. ಎರಡು ದೇಶಗಳಲ್ಲೂ ಆಪರೇಷನ್ ಒಂದೇ ಹೊತ್ತಿಗೆ ಇಟ್ಟುಕೊಳ್ಳುವುದು ರೂಢಿ. ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆಯವರು ಮನಸ್ಸು ಬದಲಿಸಿದರೆ? ನಂಬಿಕೆ ಇದೆ, ಆದರೂ ಗಡಿಯಾರ ನೋಡಿಕೊಂಡೇ ಕತ್ತರಿ ಹಿಡಿಯುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಅಂಗ ಗಡಿ ದಾಟುವ ಕಥೆ. ಕೊಳ್ಳುವವನೇ ಗಡಿ ದಾಟಿ ಬರುವ ಕಥೆ ಬೇರೆ. ಅದರಲ್ಲಿ ನಮ್ಮ ದೇಶದ ಹೆಸರು ಬಹಳ ಕಾಲ ಮೇಲೆಯೇ ಇತ್ತು.

1980ರ ದಶಕದಲ್ಲಿ ಯುಎಇ, ಒಮಾನ್ ಕಡೆಯಿಂದ ರೋಗಿಗಳು ಬೊಂಬಾಯಿಗೆ ಬಂದು ಕಿಡ್ನಿ ಕೊಂಡು ಹಾಕಿಸಿಕೊಂಡು ಹೋಗುತ್ತಿದ್ದರು. ಅವರು ವಾಪಸ್ ಹೋದ ಮೇಲೆ ನೋಡಿಕೊಂಡ ವೈದ್ಯರು ಸುಮಾರು 130 ರೋಗಿಗಳ ಲೆಕ್ಕವನ್ನು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅನೇಕರು ಮೊದಲ ವರ್ಷದಲ್ಲೇ ಸತ್ತಿದ್ದರು, ಕೆಲವರಿಗೆ ಎಚ್‌ಐವಿ ಅಂಟಿತ್ತು. ಇದು ಕೊಂಡವರ ಲೆಕ್ಕ. ಮಾರಿದವರ ಲೆಕ್ಕ ಅದರಲ್ಲಿ ಇರಲಿಲ್ಲ. ಮದ್ರಾಸ್, ಬೆಂಗಳೂರುಗಳಲ್ಲೂ ಈ ದಂಧೆ ಇತ್ತು. 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂದು ಮಾರಾಟ ಅಪರಾಧವಾಯಿತು.

ಒಂದು ಕಡೆ ಬಾಗಿಲು ಹಾಕಿದರೆ ದಂಧೆ ಇನ್ನೊಂದು ಕಡೆ ಹೋಗುತ್ತದೆ. 2008ರಲ್ಲಿ ಕೊಸೊವೊದ ಪ್ರಿಸ್ಟಿನಾ ವಿಮಾನ ನಿಲ್ದಾಣದಲ್ಲಿ ಟರ್ಕಿಯ ಒಬ್ಬ ಹುಡುಗ ಊರಿಗೆ ಹೊರಟವನು ನಿಂತಲ್ಲೇ ಕುಸಿದ. ಆಗ ತಾನೇ ಕಿಡ್ನಿ ತೆಗೆದಿದ್ದ ಗಾಯ ಮೈಮೇಲಿತ್ತು. ಪೊಲೀಸರು ಜಾಡು ಹಿಡಿದು ಹೋದರೆ ಊರ ಹೊರಗಿನ ಒಂದು ಖಾಸಗಿ ಕ್ಲಿನಿಕ್ ಸಿಕ್ಕಿತು. ಬಡವರನ್ನು ಒಂದು ದೇಶದಿಂದ, ದುಡ್ಡಿದ್ದವರನ್ನು ಇನ್ನೊಂದು ದೇಶದಿಂದ ಕರೆಸಿ, ಮೂರನೇ ದೇಶದಲ್ಲಿ ಆಪರೇಷನ್. ಇದೂ ಒಂದು ಅಂತರರಾಷ್ಟ್ರೀಯ ಸಹಕಾರವೇ ಅನ್ನಬೇಕು, ಇನ್ನೇನನ್ನೋದು!

ಅದೇ 2008ರಲ್ಲಿ ಹಲವು ದೇಶಗಳ ವೈದ್ಯರು ಇಸ್ತಾಂಬುಲ್‌ನಲ್ಲಿ ಸೇರಿ ಒಂದು ಘೋಷಣೆ ಮಾಡಿದರು. ಚಿಕಿತ್ಸೆಗೆ ಬೇರೆ ದೇಶಕ್ಕೆ ಹೋಗುವುದು ತಪ್ಪಲ್ಲ. ಅಂಗವನ್ನು ಕೊಂಡರೆ, ಅಥವಾ ಹೊರಗಿನವರಿಗೆ ಕೊಟ್ಟು ಕೊಟ್ಟು ತಮ್ಮವರಿಗೇ ಕಸಿ ಸಿಗದ ಹಾಗಾದರೆ ತಪ್ಪು. ಇದು ಅದರ ಸಾರ. ಇಸ್ತಾಂಬುಲ್ ಘೋಷಣೆ ಕಾನೂನಲ್ಲ, ಆದರೆ ಕಾನೂನುಗಳಿಗೆ ದಾರಿ ಮಾಡಿತು. ಆ ವರ್ಷವೇ ಇಸ್ರೇಲ್ ಹೊಸ ಕಾಯ್ದೆ ತಂದು, ಹೊರದೇಶದಲ್ಲಿ ಕೊಂಡ ಅಂಗದ ಕಸಿಗೆ ವಿಮೆಯ ದುಡ್ಡು ಕೊಡುವುದನ್ನು ನಿಲ್ಲಿಸಿತು. ಫಿಲಿಪೀನ್ಸ್ ಹೊರಗಿನವರಿಗೆ ಕಿಡ್ನಿ ಮಾರುವುದಕ್ಕೆ ಕಡಿವಾಣ ಹಾಕಿತು. ಇಂಥ ಸಾಗಾಟದ ವಿರುದ್ಧ ಯುರೋಪಿನ ಒಪ್ಪಂದ 2015ರಲ್ಲಿ ಸಹಿಗೆ ಬಂತು, 2018ರಲ್ಲಿ ಜಾರಿಯಾಯಿತು.

ನಮ್ಮ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಆಯಿತು, 2014ರಲ್ಲಿ ಹೊಸ ನಿಯಮ ಬಂದವು. ಈಗಿನ ಲೆಕ್ಕ ಹೀಗಿದೆ. ಬದುಕಿರುವ ಭಾರತೀಯರು ವಿದೇಶಿಯರಿಗೆ ಕಿಡ್ನಿ ಕೊಡುವಂತಿಲ್ಲ, ಹತ್ತಿರದ ರಕ್ತಸಂಬಂಧಿ ಅಥವಾ ಗಂಡ ಹೆಂಡತಿ ಆಗಿದ್ದರೆ ಮಾತ್ರ ಉಂಟು. ದಾನಿ, ರೋಗಿ ಇಬ್ಬರೂ ಹೊರಗಿನವರಾದರೆ ಅವರ ರಾಯಭಾರ ಕಚೇರಿ ಸಂಬಂಧವನ್ನು ದೃಢೀಕರಿಸಿ ಪತ್ರ ಕೊಡಬೇಕು, ಆಮೇಲೆ ಇಲ್ಲಿನ ಸಮಿತಿ ಕೂರಿಸಿಕೊಂಡು ವಿಚಾರಿಸುತ್ತದೆ. ಬೆಂಗಳೂರಿನ ಆಸ್ಪತ್ರೆಗಳಿಗೆ ಆಫ್ರಿಕಾದಿಂದ, ಅರಬ್ ದೇಶಗಳಿಂದ ಅಣ್ಣ ತಮ್ಮಂದಿರನ್ನು ಕರೆದುಕೊಂಡು ಬರುವ ರೋಗಿಗಳು ಈ ಕಾಗದಗಳಿಗಾಗಿ ವಾರಗಟ್ಟಲೆ ಅಲೆಯುತ್ತಾರೆ. ಸಂಕಟವೇ. ಆದರೆ ಬೊಂಬಾಯಿಯ ಆ ಹಳೆಯ ದಿನಗಳು ಗೊತ್ತಿದ್ದವರಿಗೆ ಆ ಕಾಗದ ಯಾಕೆ ಅಂತ ಅರ್ಥವಾಗುತ್ತದೆ.

ನಮ್ಮವರೂ ಹೊರಗೆ ದಾನಿಗಳಾಗುತ್ತಿದ್ದಾರೆ. ಯುಎಇಯಲ್ಲಿ 2016ರ ಕಾನೂನಿನ ನಂತರ, 2017ರಿಂದ, ಸತ್ತವರ ಅಂಗದಾನ ಶುರುವಾಯಿತು. ಅಲ್ಲಿ ದುಡಿಯುವ ಭಾರತೀಯರು ಅಪಘಾತದಲ್ಲೋ ಮೆದುಳಿನ ರಕ್ತಸ್ರಾವದಲ್ಲೋ ಹೋದಾಗ, ಊರಲ್ಲಿರುವ ಮನೆಯವರು ಫೋನಿನಲ್ಲೇ ಒಪ್ಪಿಗೆ ಕೊಡಬೇಕಾಗುತ್ತದೆ. ಮಂಗಳೂರು, ಭಟ್ಕಳ, ಉಡುಪಿಯಲ್ಲಿ ಪ್ರತಿ ಬೀದಿಗೆ ಒಬ್ಬರಾದರೂ ಗಲ್ಫ್‌ನಲ್ಲಿರುವಾಗ ಅಂಥ ಫೋನು ಯಾರ ಮನೆಗೂ ಬರಬಹುದು. ದೇಹ ಊರಿಗೆ ಬರಲು ತಡವಾಗುತ್ತದಾ, ಖರ್ಚು ಯಾರದು, ಗಾಯ ಕಾಣುತ್ತದಾ: ಇವೇ ಮೊದಲು ಕೇಳುವ ಪ್ರಶ್ನೆಗಳು. ಸಹಜವೇ.

ಇನ್ನು ಸತ್ತವರಿಂದ ನಮ್ಮ ದೇಶದಲ್ಲಿ ಸಿಗುವ ಅಂಗ. ಅದು ಮೊದಲು ಆ ರಾಜ್ಯದ ಪಟ್ಟಿಗೆ, ಆಮೇಲೆ ವಲಯಕ್ಕೆ, ಆಮೇಲೆ ದೇಶಕ್ಕೆ. ಅಲ್ಲೂ ಯಾರೂ ಇಲ್ಲದಿದ್ದರೆ ಭಾರತ ಮೂಲದವರಿಗೆ, ಕಟ್ಟಕಡೆಗೆ ವಿದೇಶಿಯರಿಗೆ. ಕಟ್ಟಕಡೆಯ ಸಾಲು ಬರೀ ಕಾಗದದ ಮೇಲಿದೆ ಅಂದುಕೊಂಡಿದ್ದೆ. 2024ರಲ್ಲಿ ಸುದ್ದಿ ಬಂತು. ಕರಾಚಿಯ 19 ವರ್ಷದ ಒಬ್ಬ ಹುಡುಗಿ ಹೃದಯದ ಕಾಯಿಲೆಗೆ ಚೆನ್ನೈಗೆ ಬಂದು ಕಾಯುತ್ತಿದ್ದಳು. ದೆಹಲಿಯಲ್ಲಿ ಮೆದುಳು ನಿಷ್ಕ್ರಿಯವಾದ ಹಿರಿಯರೊಬ್ಬರ ಹೃದಯ ಸಿಕ್ಕಿತು. ಇಲ್ಲಿ ಅದಕ್ಕೆ ಬೇರೆ ಯಾರೂ ಇರಲಿಲ್ಲ. ಹೃದಯ ವಿಮಾನ ಹತ್ತಿ ದೆಹಲಿಯಿಂದ ಚೆನ್ನೈಗೆ ಬಂತು. ಚಿಕಿತ್ಸೆಗೆ ದುಡ್ಡು ಕೂಡಿಸಿಕೊಟ್ಟದ್ದು ಇಲ್ಲಿನ ಒಂದು ಟ್ರಸ್ಟ್. ವೀಸಾ ಬೇಕಾಗಿದ್ದು ಹುಡುಗಿಗೆ ಮತ್ತು ಅವಳ ಅಮ್ಮನಿಗೆ.